ಟ್ಯೂಬಿಗೆ ಬಗ್ಗದ ಕೆಚ್ಚಲು ಬಾವು: ಲೋಳೆಸರದ ಲೇಪ ಬಳಸುವುದು ಹೇಗೆ?

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಸೀಮೆಹಸು ಸಾಕಿದವರ ಮನೆಗೆ ಹೋದರೆ ಈ ದೂರು ಕೇಳಿಯೇ ಕೇಳುತ್ತದೆ: “ಟ್ಯೂಬ್ ಹಾಕಿದ್ರೂ ಬಾವು ಇಳೀಲಿಲ್ಲ.” ಟ್ಯೂಬ್ ಅಂದರೆ ತೊಟ್ಟಿನ ತೂತಿನಿಂದ ಕೆಚ್ಚಲೊಳಗೆ ಏರಿಸುವ ಆಂಟಿಬಯೋಟಿಕ್ ಔಷಧ. ಆಮೇಲೆ ಕೆಲವರು ಮೆಡಿಕಲ್‌ನಿಂದ ಇನ್ನೂ ದುಬಾರಿ ಟ್ಯೂಬ್ ತಂದು ಏರಿಸುತ್ತಾರೆ. ಕೆಲವರು ಆಂಟಿಬಯೋಟಿಕ್ ಪೂರ್ತಿ ಬಿಟ್ಟು ಬರೀ ಅರಿಶಿನ ಬಳಿಯುತ್ತಾರೆ. ಎರಡೂ ಬೇಡ. ಡಾಕ್ಟರ್ ಹೇಳಿದ ಔಷಧ ಒಳಗೆ, ಲೇಪ ಹೊರಗೆ. ಎರಡೂ ಜೊತೆಯಲ್ಲೇ ನಡೆಯಲಿ.

ಔಷಧಕ್ಕೆ ಬಗ್ಗದ ಬಾವಿನಲ್ಲಿ ಸಾಮಾನ್ಯವಾಗಿ ಸಿಗುವ ಬ್ಯಾಕ್ಟೀರಿಯಾ ಸ್ಟೆಫೈಲೊಕಾಕಸ್ ಆರಿಯಸ್. ಕೆಚ್ಚಲೊಳಗೆ ಅಂಟಿನ ಪದರ ಕಟ್ಟಿಕೊಂಡು ಅದರಡಿ ಅಡಗುತ್ತದೆ. ಒಳಗೆ ಬಂದ ಔಷಧವನ್ನು ಪಂಪು ಮಾಡಿದ ಹಾಗೆ ಹೊರಗೆ ತಳ್ಳುತ್ತದೆ. ಬರ್ಬೆರಿಸ್ ಜಾತಿಯ ಗಿಡಗಳಲ್ಲಿ ಈ ಪಂಪನ್ನೇ ತಡೆಯುವ ಅಂಶವಿದೆ ಎಂದು 2000ದಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಓಮದಲ್ಲಿರುವ ಥೈಮಾಲ್ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾಳು ಮಾಡುತ್ತದೆ. ಇಂಥ ಅಂಶ ಜೊತೆಗಿದ್ದರೆ ಕೆಲವು ಆಂಟಿಬಯೋಟಿಕ್‌ಗಳು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತವೆ. ಆದರೆ ಇದು ಹೆಚ್ಚಾಗಿ ಕಂಡಿರುವುದು ಲ್ಯಾಬಿನಲ್ಲಿ. ಇದನ್ನು ಓದಿ ಓಮದ ಎಣ್ಣೆಯನ್ನೋ ಅರಿಶಿನದ ನೀರನ್ನೋ ತೊಟ್ಟಿನೊಳಗೆ ಬಿಟ್ಟೀರಿ, ಖಂಡಿತ ಬೇಡ. ಕೆಚ್ಚಲೇ ಕೆಟ್ಟುಹೋಗುತ್ತದೆ.

ಮೊದಲು ಪತ್ತೆ. ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ. ನಾಲ್ಕು ತೊಟ್ಟಿನ ಹಾಲನ್ನೂ ಬೇರೆ ಬೇರೆ ಬಟ್ಟಲಿಗೆ ಹಿಡಿದು, ಅಷ್ಟೇ ಸೋಪಿನ ನೀರು ಬೆರೆಸಿ ಅಲ್ಲಾಡಿಸಿ. ಲೋಳೆಯಾದರೆ ಆ ತೊಟ್ಟಿನಲ್ಲಿ ಬಾವಿದೆ.

ಹಾಲಿನ ಸ್ಯಾಂಪಲ್. ಎಲ್ಲರೂ ಎಡವುವುದು ಇಲ್ಲೇ. ಟ್ಯೂಬ್ ಹಾಕಿದ ಮೇಲೆ ಸ್ಯಾಂಪಲ್ ಹಿಡಿದರೆ ಲ್ಯಾಬಿನಲ್ಲಿ ಏನೂ ಬೆಳೆಯದೇ ಹೋಗಬಹುದು. ಸಗಣಿ ಕೈಯಲ್ಲಿ ಹಿಡಿದರೆ ಕೊಟ್ಟಿಗೆಯ ಕೊಳೆಯೆಲ್ಲ ಬೆಳೆಯುತ್ತದೆ. ಹಾಗಾಗಿ ಔಷಧ ಶುರು ಮಾಡುವ ಮೊದಲೇ ಹಿಡಿಯಬೇಕು. ಕೆಚ್ಚಲು ತೊಳೆದು, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ನೀರು ತೊಟ್ಟಿಕ್ಕುತ್ತಿದ್ದರೆ ಸ್ಯಾಂಪಲ್ ಕೆಟ್ಟಂತೆಯೇ. ಮೊದಲ ಮೂರ್ನಾಲ್ಕು ಧಾರೆ ಬೇರೆ ಪಾತ್ರೆಗೆ ಕರೆದು ಚೆಲ್ಲಿ. ಆಮೇಲೆ ಸ್ಪಿರಿಟ್ ಹತ್ತಿಯಿಂದ ತೊಟ್ಟಿನ ತುದಿಯನ್ನು, ಹತ್ತಿ ಬೆಳ್ಳಗೆ ಬರುವವರೆಗೂ ಉಜ್ಜಿ. ತೊಟ್ಟಿಗೊಂದು ಹೊಸ ಹತ್ತಿ ಇರಲಿ. ಉಜ್ಜುವಾಗ ಆಚೆ ಬದಿಯ ತೊಟ್ಟುಗಳಿಂದ ಶುರು ಮಾಡಿ. ಹಾಲು ಹಿಡಿಯುವಾಗ ಈಚೆ ಬದಿಯಿಂದ. ಆಗ ಕೈ ತಾಗಿ ಶುಚಿ ಕೆಡುವುದಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಬಾಟಲಿಯನ್ನು ಓರೆಯಾಗಿ ಹಿಡಿಯಿರಿ. ಬಾಯಿ ತೊಟ್ಟಿಗೆ ತಾಗಬಾರದು, ಮುಚ್ಚಳದ ಒಳಬದಿಗೆ ಬೆರಳು ತಾಗಬಾರದು. ಹಸುವಿನ ಗುರುತು, ತೊಟ್ಟು, ತಾರೀಖು ಬರೆದು ಐಸ್ ಡಬ್ಬದಲ್ಲಿಟ್ಟು ಅವತ್ತೇ ಪಶು ಆಸ್ಪತ್ರೆಗೆ ತಲುಪಿಸಿ. ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಅಂತ ಲ್ಯಾಬ್ ಹೇಳುತ್ತದೆ. ವರದಿ ಬರುವವರೆಗೆ ಏನು ಕೊಡಬೇಕೆಂದು ಡಾಕ್ಟರೇ ಹೇಳಲಿ. ಹಸು ಮೇವು ಬಿಟ್ಟು ಜ್ವರದಲ್ಲಿ ಮಲಗಿದ್ದರೆ ಕಾಯಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಗೊತ್ತಿಲ್ಲದವರ ಕೈಯಲ್ಲಿ ನೋವಿನ ಇಂಜೆಕ್ಷನ್ ಹಾಕಿಸುವುದನ್ನೂ ನಿಲ್ಲಿಸಿ. ದನಗಳಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಕೊಡುವುದನ್ನು 2006ರಲ್ಲೇ ನಿಷೇಧಿಸಲಾಗಿದೆ. ಆ ದನ ಸತ್ತರೆ ತಿಂದ ರಣಹದ್ದೂ ಸಾಯುತ್ತದೆ.

ಟ್ಯೂಬ್. ಹಾಲು ಪೂರ್ತಿ ಕರೆದು, ಸ್ಪಿರಿಟ್‌ನಿಂದ ಒರೆಸಿ ಹಾಕಿ. ಟ್ಯೂಬಿನ ಮೂತಿಯ ತುದಿಯಷ್ಟೇ ಒಳಗೆ ಹೋದರೆ ಸಾಕು.

ಲೇಪ. ಇದು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಹೇಳಿಕೊಡುವ ಅಳತೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಬದುವಿನ ಮೇಲಿನ ಕತ್ತಾಳೆಯನ್ನು ಲೋಳೆಸರ ಅಂದುಕೊಂಡು ಕೊಯ್ದು ತರುವವರಿದ್ದಾರೆ. ಕತ್ತಾಳೆ ರಸ ಚರ್ಮಕ್ಕೆ ಉರಿ ತರುತ್ತದೆ. ಸುಣ್ಣ ಎಲೆಅಡಿಕೆಗೆ ಬಳಸುವಂಥದ್ದೇ ಇರಲಿ, ಜಾಸ್ತಿ ಹಾಕಿದರೆ ತೊಟ್ಟು ಸುಡುತ್ತದೆ. ಅಂಗಡಿಯ ಲೋಳೆಸರದ ಜೆಲ್ ಬೇಡವೇ ಬೇಡ, ಅದರಲ್ಲಿ ಬಣ್ಣ, ಸೆಂಟು ಇರುತ್ತದೆ. ಮೂರನ್ನೂ ಅರೆದರೆ ಆರತಿ ನೀರಿನ ಹಾಗೆ ಕೆಂಪಾಗಬೇಕು. ಹಳದಿಯಾಗಿಯೇ ಉಳಿದರೆ ಸರಿಯಾಗಿ ಬೆರೆತಿಲ್ಲ.

ಒಂದು ಹಿಡಿ ತೆಗೆದು 150–200 ಮಿಲಿ ನೀರಲ್ಲಿ ತೆಳ್ಳಗೆ ಮಾಡಿ, ಬಾವಿರುವ ಕಡೆಯಷ್ಟೇ ಅಲ್ಲ, ಇಡೀ ಕೆಚ್ಚಲಿಗೆ ಹಚ್ಚಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸುಮ್ನೆ ಬಳಿದರೆ ಉಪಯೋಗವಿಲ್ಲ. ಗಂಟೆಗೊಮ್ಮೆ ತೊಳೆದು ಮತ್ತೆ ಹಚ್ಚಬೇಕು, ದಿನಕ್ಕೆ 8–10 ಸಲ, 5 ದಿನ. ದಿನದಿನವೂ ಹೊಸದಾಗಿ ಅರೆಯಿರಿ. ಟ್ಯೂಬ್ ಹಾಕುವಾಗ ತೊಟ್ಟಿನ ತುದಿಯಲ್ಲಿ ಚೂರು ಲೇಪವೂ ಇರಬಾರದು. ಇದ್ದರೆ ಮೂತಿಯ ಜೊತೆ ಅದೂ ಒಳಗೆ ಹೋಗುತ್ತದೆ. ಅದಕ್ಕೇ ಮೊದಲು ಟ್ಯೂಬ್, ಆಮೇಲೆ ಲೇಪ.

ಎರಡನೇ ದಿನಕ್ಕೆ ಹಾಲು ತಿಳಿಯಾಯಿತು ಅಂತ ಟ್ಯೂಬ್ ನಿಲ್ಲಿಸುವವರೇ ಜಾಸ್ತಿ. ಅಲ್ಲಿ ಬದುಕುಳಿದ ಬ್ಯಾಕ್ಟೀರಿಯಾವೇ ಮುಂದಿನ ಸಲ ಔಷಧಕ್ಕೆ ಬಗ್ಗದೆ ನಿಲ್ಲುತ್ತದೆ. ಡಾಕ್ಟರ್ ಹೇಳಿದಷ್ಟು ದಿನ ಮುಗಿಸಿ.

ಔಷಧ ನಡೆಯುವಾಗಲೂ, ಮುಗಿದ ಮೇಲೆ ಲೇಬಲ್‌ನಲ್ಲಿ ಬರೆದಷ್ಟು ದಿನವೂ ಆ ಹಸುವಿನ ಹಾಲನ್ನು ಡೇರಿಗೆ ಹಾಕಬೇಡಿ, ಮನೆಗೂ ಬಳಸಬೇಡಿ. ಒಂದೇ ತೊಟ್ಟಿಗೆ ಟ್ಯೂಬ್ ಹಾಕಿದ್ದರೂ ನಾಲ್ಕರ ಹಾಲಿಗೂ ಇದೇ ನಿಯಮ. ಎರಡು ಮೂರು ವಾರ ಬಿಟ್ಟು ಸೋಪಿನ ನೀರಿನ ಪರೀಕ್ಷೆ ಮತ್ತೆ ಮಾಡಿ. ಅಲ್ಲಿಯವರೆಗೂ ಆ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ.