ವಾಸಿಯಾಗದ ಕಾಯಿಲೆ, ಬಿಡದ ವಿಶ್ವಾಸ: ನನ್ನ ಅನುಭವ

ಕರ್ತನಾದ ಯೇಸುಕ್ರಿಸ್ತನ ನಾಮದಲ್ಲಿ ಎಲ್ಲರಿಗೂ ವಂದನೆ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳಲು ಎದ್ದು ನಿಲ್ಲುವವರು ಹೆಚ್ಚಾಗಿ ರೋಗ ವಾಸಿಯಾದವರು, ನೌಕರಿ ಸಿಕ್ಕವರು, ಸಾಲ ತೀರಿದವರು. ಅವರ ಸ್ತೋತ್ರಕ್ಕೆ ನಾನೂ ಮನಸಾರೆ ಆಮೆನ್ ಅನ್ನುತ್ತೇನೆ. ಆದರೆ ನಾನು ಬರೆಯುತ್ತಿರುವುದು ಇನ್ನೂ ವಾಸಿಯಾಗದ ಮನೆಯಿಂದ. ಇಂಥ ಮನೆಗಳು ಪ್ರತಿ ಸಭೆಯಲ್ಲೂ ಇವೆ. ಅಂಥವರು ಆಶೀರ್ವಾದ ಮುಗಿದ ಕೂಡಲೇ ಎದ್ದು ಓಡುತ್ತಾರೆ, ಯಾಕೆಂದರೆ ಮನೆಯಲ್ಲಿ ಒಬ್ಬರು ಹಾಸಿಗೆಯ ಮೇಲೆ ದಾರಿ ಕಾಯುತ್ತಿರುತ್ತಾರೆ. ಅವರ ಜೊತೆ ಮಾತಾಡಬೇಕೆಂದೇ ಇದನ್ನು ಬರೆಯಲು ಕೂತೆ.

ನನ್ನ ಯಜಮಾನರಿಗೆ ಲಕ್ವಾ ಹೊಡೆದಾಗ ನಾನಿನ್ನೂ ಬೆಟಗೇರಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೆ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ದವಾಖಾನೆಯಿಂದ ಮನೆಗೆ ಕರೆತಂದ ಮೇಲೆ ಶುರುವಾದ ಕೆಲಸ ಇಂಥದ್ದು ಮಾಡಿದವರಿಗೇ ಗೊತ್ತು. ಬೆನ್ನಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ನೀರು ನೆತ್ತಿಗೇರದಂತೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಿಸಿ, ಚಮಚದಲ್ಲಿ ಅಂಬಲಿ ಕುಡಿಸಬೇಕು. ಬೆರಳುಗಳು ಮುಷ್ಟಿ ಕಟ್ಟಿ ಬಿಗಿಯಾಗದಂತೆ ಒಂದೊಂದನ್ನೇ ಬಿಡಿಸಿ ತಿಕ್ಕಬೇಕು. ಬಿ.ಪಿ. ಮಾತ್ರೆ, ರಕ್ತ ತೆಳುವಾಗುವ ಮಾತ್ರೆ ಹೊತ್ತು ತಪ್ಪದೆ ಕೊಡಬೇಕು.

ಈ ಕೆಲಸದಿಂದ ಮೈ ಸೋತಿತು, ನಿಜ. ಆದರೆ ನನ್ನನ್ನು ನೆಲಕ್ಕೆ ಒತ್ತಿದ್ದು ಇದಲ್ಲ. ನೋಡಲು ಬಂದವರು ಬಿಟ್ಟುಹೋಗುತ್ತಿದ್ದ ಮಾತುಗಳು ಒತ್ತಿದವು. ‘ಮನೆಯೊಳಗ ಏನರ ಪಾಪ ಉಳಿದಿರಬೇಕು, ಹುಡುಕಿ ನೋಡ್ರಿ’ ಎಂದರು ಒಬ್ಬರು. ‘ಪೂರ್ತಿ ವಿಶ್ವಾಸದಿಂದ ಕೇಳಿದ್ರ ಇಷ್ಟೊತ್ತಿಗೆ ಎದ್ದು ಅಡ್ಡಾಡತಿದ್ರು’ ಎಂದರು ಇನ್ನೊಬ್ಬರು. ಬೇರೆ ಊರಿನಿಂದ ಬಂದ ಒಬ್ಬ ಬೋಧಕರು ಇವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಇನ್ನು ಮಾತ್ರೆ ನಿಲ್ಲಿಸಿ, ಅದು ಅವಿಶ್ವಾಸದ ಗುರುತು ಎಂದು ಹೇಳಿಹೋದರು. ಮಾತ್ರೆ ನಾವು ನಿಲ್ಲಿಸಲಿಲ್ಲ. ಅವನ್ನು ಒಮ್ಮೆಲೇ ನಿಲ್ಲಿಸಿದರೆ ಎರಡನೇ ಸಲ ಲಕ್ವಾ ಹೊಡೆಯುವ ಅಪಾಯವಿದೆ ಎಂದು ಡಾಕ್ಟರರು ಮೊದಲೇ ತಿಳಿಸಿದ್ದರು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ಲೂಕನನ್ನು ಪ್ರಿಯ ವೈದ್ಯನೆಂದು ಕರೆಯುತ್ತಾನೆ. ಆ ಕಸುಬು ಬಿಟ್ಟುಬಾ ಎಂದು ಅವನಿಗೆ ಹೇಳಿದ್ದು ಎಲ್ಲೂ ಇಲ್ಲ. 1841ರಲ್ಲಿ ನಮ್ಮ ಬೆಟಗೇರಿಗೆ ಬಂದ ಬಾಸೆಲ್ ಮಿಶನ್ನಿನವರು ಸುವಾರ್ತೆಯನ್ನಷ್ಟೇ ಸಾರಲಿಲ್ಲ, ಮುಂದೆ ದವಾಖಾನೆಯನ್ನೂ ಕಟ್ಟಿದರು. ಊರವರು ಅದನ್ನು ಇವತ್ತಿಗೂ ಜರ್ಮನ್ ದವಾಖಾನೆ ಎಂದೇ ಕರೆಯುತ್ತಾರೆ. ಪ್ರಾರ್ಥನೆಗೂ ಔಷಧಕ್ಕೂ ಜಗಳ ಹಚ್ಚುವುದು ನಮ್ಮ ಹಿರಿಯರ ವಿಶ್ವಾಸವಾಗಿರಲಿಲ್ಲ.

ಮಾತ್ರೆಯ ವಿಷಯದಲ್ಲಿ ಗಟ್ಟಿಯಾಗಿ ನಿಂತೆ. ಉಳಿದ ಮಾತುಗಳು ಮಾತ್ರ ಮನಸ್ಸಿನೊಳಗೆ ಇಳಿದು ಕೂತುಬಿಟ್ಟವು. ರಾತ್ರಿ ಮಗ್ಗಲು ಬದಲಿಸಲು ಎದ್ದಾಗಲೆಲ್ಲ ಅದೇ ಪ್ರಶ್ನೆ: ನನ್ನ ವಿಶ್ವಾಸ ಸಾಲದ್ದಕ್ಕೇ ಇವರು ಹೀಗೆ ಮಲಗಿದ್ದಾರೆಯೇ? ಇವರ ಬಲಗೈ ನನ್ನ ಪರೀಕ್ಷೆಯ ಫಲಿತಾಂಶವಾಗಿಬಿಟ್ಟಿತ್ತು. ಬೆರಳು ಒಂದಿಷ್ಟು ಅಲುಗಿದರೆ ಪಾಸು, ಅಲುಗದಿದ್ದರೆ ನಪಾಸು. ಇಂಥ ಹೊರೆ ಹೊತ್ತು ಯಾರೂ ಬಹಳ ದೂರ ನಡೆಯಲಾರರು.

ಈ ಹೊರೆಯನ್ನು ನನ್ನ ತಲೆಯಿಂದ ಇಳಿಸಿದ್ದು ಯಾರೂ ಪ್ರಸಂಗಕ್ಕೆ ಆರಿಸಿಕೊಳ್ಳದ ಒಂದು ವಚನ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಪೌಲನು ಯಾರು ಯಾರು ಎಲ್ಲೆಲ್ಲಿದ್ದಾರೆ ಎಂದು ತಿಳಿಸುತ್ತಾನೆ. ಚಳಿಗಾಲಕ್ಕೆ ಮುಂಚೆ ಬಾ, ತ್ರೋವದಲ್ಲಿ ಬಿಟ್ಟುಬಂದ ನನ್ನ ಮೇಲಂಗಿ ತಾ ಎನ್ನುತ್ತಾನೆ. ಅದೇ ಸಾಲುಗಳ ನಡುವೆ, ತ್ರೊಫಿಮನು ಅಸ್ವಸ್ಥನಾಗಿದ್ದದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟೆನು ಎನ್ನುತ್ತಾನೆ. ಅಷ್ಟೇ. ಮುಂದೆ ವಿವರಣೆಯಿಲ್ಲ.

ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತೆ. ಈ ತ್ರೊಫಿಮನು ಎಫೆಸದವನು. ಪೌಲನ ಮೈಮೇಲಿನ ಕೈವಸ್ತ್ರಗಳನ್ನು ತಂದು ಮುಟ್ಟಿಸಿದರೂ ರೋಗಗಳು ವಾಸಿಯಾದದ್ದು ಅದೇ ಎಫೆಸದಲ್ಲಿ, ಅಪೊಸ್ತಲರ ಕೃತ್ಯಗಳು 19ನೆಯ ಅಧ್ಯಾಯದಲ್ಲಿ ಇದೆ. ಅಂಥ ಪೌಲನು ತನ್ನ ಜೊತೆ ಓಡಾಡಿದ ಗೆಳೆಯನನ್ನು ಕಾಯಿಲೆಯಲ್ಲೇ ಬಿಟ್ಟು ಹೊರಡಬೇಕಾಯಿತು. ತ್ರೊಫಿಮನ ವಿಶ್ವಾಸ ಕಡಿಮೆ ಎಂದಾಗಲಿ, ನನ್ನ ಪ್ರಾರ್ಥನೆ ಸೋತಿತು ಎಂದಾಗಲಿ ಬರೆಯಲಿಲ್ಲ. ತಿಮೊಥೆಯನಿಗಾದರೂ ಪದೇ ಪದೇ ಹೊಟ್ಟೆಯ ತೊಂದರೆಯಿತ್ತು. ಅವನಿಗೂ ಪೌಲನು ಹೇಳಿದ್ದು ಒಂದು ಸಾದಾ ಮನೆಮದ್ದು. ಇನ್ನು ಪೌಲನ ಸ್ವಂತ ಶರೀರದಲ್ಲಿ ನಾಟಿದ್ದ ಶೂಲದ, ಅಂದರೆ ಅವನನ್ನು ಕಾಡುತ್ತಿದ್ದ ಬಾಧೆಯ ಮಾತು ಎಲ್ಲರಿಗೂ ಗೊತ್ತು. ಅದನ್ನು ತೆಗೆದುಬಿಡು ಎಂದು ಮೂರು ಸಾರಿ ಬೇಡಿಕೊಂಡ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು, ಶೂಲ ಹೋಗಲಿಲ್ಲ. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ ಯೇಸುಸ್ವಾಮಿ ಇಬ್ಬರೂ ಅಲ್ಲ ಎಂದುಬಿಟ್ಟರು. ಈ ಎಲ್ಲವನ್ನೂ ನಾನು ಚಿಕ್ಕಂದಿನಿಂದ ಓದಿದ್ದೆ. ರೋಗಿಯ ಪಕ್ಕದಲ್ಲಿ ಕೂತು ಓದಿದಾಗ ಅವೇ ವಚನಗಳು ನನ್ನ ಮನೆಯ ವಿಳಾಸಕ್ಕೆ ಬಂದವು.

ವಾಸಿಮಾಡು ಎಂದು ಕೇಳುವುದನ್ನು ನಾನು ನಿಲ್ಲಿಸಿಲ್ಲ. ಇವತ್ತು ಬೆಳಿಗ್ಗೆಯೂ ಕೇಳಿದ್ದೇನೆ. ಆದರೆ ಆ ಕೈ ಎದ್ದೇಳುವುದು ನನ್ನ ವಿಶ್ವಾಸದ ತೂಕದ ಮೇಲೆ ನಿಂತಿದೆ ಎಂಬುದನ್ನು ಬಿಟ್ಟೆ.

ಬಿಟ್ಟೆ ಎಂದು ಬರೆಯುವುದು ಸುಲಭ. ಒಂದು ದಿನ ಬಿಟ್ಟದ್ದು ಮಾರನೆಯ ದಿನ ಮತ್ತೆ ತಲೆಯ ಮೇಲೆ ಬಂದು ಕೂತಿರುತ್ತದೆ. ಹಾಗಾಗಿ ಇದಕ್ಕೊಂದು ರೂಢಿ ಬೇಕು. ನಾನು ರೂಢಿಯನ್ನು ಕಲಿತದ್ದು ಹಿಜ್ಕೀಯ ಅರಸನಿಂದ. ಅಶ್ಶೂರದ ಸನ್ಹೇರೀಬನು ಯೆರೂಸಲೇಮನ್ನು ಹಿಡಿಯುವುದಾಗಿ ಬೆದರಿಸಿ ಪತ್ರ ಕಳಿಸಿದಾಗ ಹಿಜ್ಕೀಯನು ಅದನ್ನು ಓದಿ, ದೇವಾಲಯಕ್ಕೆ ಹೋಗಿ, ಯೆಹೋವನ ಮುಂದೆ ಆ ಪತ್ರವನ್ನೇ ಬಿಚ್ಚಿ ಹರಡಿದ. ಎರಡನೆಯ ಅರಸುಗಳು 19ನೆಯ ಅಧ್ಯಾಯ. ಅವನ ಪ್ರಾರ್ಥನೆಯಲ್ಲಿ ನನಗೆ ಹಿಡಿಸಿದ ಮಾತು ಇದು: ಅಶ್ಶೂರದ ಅರಸರು ಬೇರೆ ದೇಶಗಳನ್ನು ಹಾಳುಮಾಡಿದ್ದು ನಿಜ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಪತ್ರದಲ್ಲಿ ಬರೆದದ್ದು ಸುಳ್ಳು ಎಂದು ಅವನು ನಟಿಸುವುದಿಲ್ಲ.

ನಾನೂ ಹಾಗೆಯೇ ಮಾಡಿದೆ. ಸ್ಕ್ಯಾನಿನ ರಿಪೋರ್ಟು, ಔಷಧದಂಗಡಿಯ ಬಿಲ್ಲು, ಸೊಸೈಟಿಯ ಸಾಲದ ಪುಸ್ತಕ, ಎಲ್ಲವನ್ನೂ ಸತ್ಯವೇದ ಇಡುವ ಮೇಜಿನ ಮೇಲೆ ಹರಡಿ ಒಂದೊಂದನ್ನೇ ಬಾಯಿಬಿಟ್ಟು ಓದಿದೆ. ‘ಸ್ವಾಮೀ, ಇದರಾಗ ಹಿಂಗ ಬರದೈತಿ, ನೀನ ನೋಡು’ ಎಂದೆ. ನಾವು ಪ್ರಾರ್ಥನೆಗೆ ಕೂತಾಗ ಸತ್ಯವೇದದ ಭಾಷೆಯನ್ನು ಆಡಬೇಕೆಂದು ಪ್ರಯಾಸಪಡುತ್ತೇವೆ. ಅವತ್ತು ಮನೆಯ ಭಾಷೆಯಲ್ಲೇ ಹೇಳಿದೆ. ಆಮೇಲೆ ಶಾಲೆಯ ಹಳೆಯ ನೋಟುಬುಕ್ಕಿನ ಹಾಳೆಯೊಂದರ ನಡುವೆ ಗೆರೆ ಎಳೆದೆ. ಎಡಗಡೆ, ಇವತ್ತು ನಾನು ಮಾಡಬೇಕಾದದ್ದು: ಎಂಟಕ್ಕೆ ಮಾತ್ರೆ, ಹತ್ತಕ್ಕೆ ಫಿಜಿಯೋಥೆರಪಿ, ಸೊಸೈಟಿಯ ಕಂತು, ಮಧ್ಯಾಹ್ನದ ನುಚ್ಚು. ಬಲಗಡೆ, ನನ್ನ ಕೈಯಲ್ಲಿಲ್ಲದ್ದು: ಕೈ ಏಳುತ್ತದೆಯೋ ಇಲ್ಲವೋ, ಮತ್ತೊಮ್ಮೆ ಲಕ್ವಾ ಹೊಡೆಯುತ್ತದೆಯೋ, ನನಗೇನಾದರೂ ಆದರೆ ಇವರನ್ನು ನೋಡುವವರು ಯಾರು. ಬಲಗಡೆಯದನ್ನು ಓದಿ, ಇದು ನಿನ್ನದು ಎಂದು ಹೇಳಿ, ಹಾಳೆಯನ್ನು ಮಡಚಿ ಸತ್ಯವೇದದೊಳಗೆ ಇಡುತ್ತಿದ್ದೆ. ಮರುದಿನ ಹೊಸ ಹಾಳೆ. ಬಲಗಡೆಯ ಪಟ್ಟಿ ಬಹುಮಟ್ಟಿಗೆ ಅದೇ ಇರುತ್ತಿತ್ತು, ಎಡಗಡೆಯದು ಮಾತ್ರ ಬದಲಾಗುತ್ತಿತ್ತು. ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ ಎಂದು ಪೇತ್ರನು ಬರೆದದ್ದನ್ನು ಒಮ್ಮೆ ಮಾಡಿ ಮುಗಿಸುವ ಕೆಲಸವೆಂದು ನಾನು ಓದುವುದಿಲ್ಲ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನವನ್ನೂ ದಿನಾ ಬೆಳಿಗ್ಗೆ ಕೂಡಿಸಿಕೊಳ್ಳಬೇಕಿತ್ತು.

ಕೀರ್ತನೆಗಳ ಬಗ್ಗೆಯೂ ಒಂದು ಮಾತು. ಕಷ್ಟದಲ್ಲಿರುವವರಿಗೆ ಜನ 23, 91, 121 ಓದಿಕೊಡುತ್ತಾರೆ. ಒಳ್ಳೆಯದೇ. ಆದರೆ 150 ಕೀರ್ತನೆಗಳಲ್ಲಿ ಅತಿ ಹೆಚ್ಚು ಇರುವುದು ಗೋಳಿನ ಕೀರ್ತನೆಗಳು. 13ನೆಯದು ‘ಇನ್ನೆಷ್ಟರ ವರೆಗೆ’ ಎಂದು ಮತ್ತೆ ಮತ್ತೆ ಕೇಳುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಾಲಿನ ಸ್ತೋತ್ರವೂ ಇಲ್ಲ. ಆದರೂ ಅದು ಸತ್ಯವೇದದಲ್ಲಿದೆ. ಅದನ್ನು ಜೋರಾಗಿ ಓದಿದ ದಿನ ನಾನು ದೇವರಿಂದ ದೂರ ಹೋಗಲಿಲ್ಲ, ಹತ್ತಿರವೇ ಬಂದೆ. ವಿಶ್ವಾಸ ಅಂದರೆ ನಗುಮುಖ ಎಂದುಕೊಂಡು ಒಳಗೊಳಗೇ ಬೇಯುತ್ತಿರುವ ಅಕ್ಕತಂಗಿಯರಿದ್ದರೆ, ದಯವಿಟ್ಟು ಇವತ್ತು 88ನ್ನು ಓದಿ. ದೇವರ ಮುಂದೆ ಅತ್ತವರು ದೇವರನ್ನು ಬಿಟ್ಟವರಲ್ಲ.

ಇವರಿಗೆ ಮಾತು ಬಾರದ ದಿನಗಳಲ್ಲಿ ನಾನು ಪ್ರತಿ ರಾತ್ರಿ ಪಕ್ಕದಲ್ಲಿ ಕೂತು ಕರ್ತನ ಪ್ರಾರ್ಥನೆ ಹೇಳುತ್ತಿದ್ದೆ. ‘ನೀರು’ ಎನ್ನಲು ಬಾರದೆ ಇವರು ಎಡಗೈಯಿಂದ ತಂಬಿಗೆ ತೋರಿಸುತ್ತಿದ್ದರು. ಒಂದು ರಾತ್ರಿ ನಾನು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದಾಗ ಇವರ ತುಟಿ ಅಲುಗಿತು. ನಾನು ನಿಧಾನ ಮಾಡಿದೆ. ‘ನಿನ್ನ ರಾಜ್ಯವು ಬರಲಿ’ ಎನ್ನುವ ಹೊತ್ತಿಗೆ ಇವರ ದನಿ ನನ್ನ ದನಿಯ ಕೆಳಗೆ ಬರುತ್ತಿತ್ತು, ಒರಟಾಗಿ, ಆದರೆ ಸ್ಪಷ್ಟವಾಗಿ. ಅನುದಿನದ ಆಹಾರದವರೆಗೆ ಬಂದು ನಿಂತರು. ಮಾತಿನ ಚಿಕಿತ್ಸೆ ಕೊಡುವವರನ್ನು ಕೇಳಿದಾಗ, ಇದು ಹಲವರಲ್ಲಿ ಕಾಣುತ್ತದೆ, ಹೊಸ ಮಾತು ಕಟ್ಟಲು ಬಾರದವರೂ ಬಾಯಿಪಾಠವಾದ ಪ್ರಾರ್ಥನೆಯನ್ನು, ಹಾಡನ್ನು ಹೇಳಬಲ್ಲರು ಎಂದು ತಿಳಿಸಿದರು. ಹಾಡಿಸಿ, ಅದರಿಂದ ಮಾತಿಗೂ ಸಹಾಯವಾಗುತ್ತದೆ ಎಂದರು. ಮೆದುಳು ಹೀಗೆ ಕೆಲಸ ಮಾಡುತ್ತದೆ ಎಂದು ತಿಳಿದದ್ದರಿಂದ ನನ್ನ ಸ್ತೋತ್ರ ಕಡಿಮೆಯಾಗಲಿಲ್ಲ. ಭಾನುವಾರದ ಶಾಲೆಯಲ್ಲಿ ಯಾರೋ ಒಬ್ಬ ಶಿಕ್ಷಕಿ ಇವರಿಗೆ ಬಾಲ್ಯದಲ್ಲಿ ಕಲಿಸಿದ ಮಾತುಗಳು, ಉಳಿದೆಲ್ಲ ಮಾತು ಹೋದ ಮೇಲೂ ಉಳಿದಿದ್ದವು. ಮಕ್ಕಳಿಗೆ ವಚನ ಬಾಯಿಪಾಠ ಮಾಡಿಸುವವರು ತಮ್ಮ ಕೆಲಸ ಸಣ್ಣದೆಂದು ಎಂದೂ ಎಣಿಸಬಾರದು.

ಹೊರೆ ಇಳಿಸುವುದರಲ್ಲಿ ಇನ್ನೊಂದು ಭಾಗವಿದೆ, ನನಗೆ ಹೆಚ್ಚು ಕಷ್ಟವಾದದ್ದು ಅದೇ: ಮನುಷ್ಯರ ಕೈಗೆ ಕೊಡುವುದು. ನಮ್ಮ ಓಣಿಯ ನೇಕಾರರ ಮನೆಯ ಹೆಣ್ಣುಮಗಳು ಒಮ್ಮೆ ಬಂದು, ‘ಅಕ್ಕೋರ, ಎರಡ್ ತಾಸ್ ನಾ ಕುಂದರ್ತೀನ್ರಿ, ನೀವು ಮಲಕೋರ್ರಿ’ ಎಂದಳು. ಆಕೆ ನಮ್ಮ ಸಭೆಯವಳಲ್ಲ, ಅವಳ ಮಗ ನನ್ನ ಹತ್ತಿರ ಕಲಿತವನು. ಬೇಡವ್ವಾ, ನಡಿತೈತಿ ಎನ್ನಲು ಬಾಯಿ ತೆರೆದಿದ್ದೆ, ಎಲೀಯನ ನೆನಪಾಯಿತು. ಸಾಯುವುದೇ ಮೇಲು ಎಂದು ಅಡವಿಯಲ್ಲಿ ಗಿಡದ ಕೆಳಗೆ ಬಿದ್ದಿದ್ದ ಪ್ರವಾದಿಗೆ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ಏಳು, ತಿನ್ನು ಎಂದ. ತಿಂದು ಮತ್ತೆ ಮಲಗಿದಾಗಲೂ ಬೈಯದೆ ಎರಡನೆಯ ಸಲ ಎಬ್ಬಿಸಿ ಉಣ್ಣಿಸಿದ. ಆಮೇಲೆಯೇ ಹೋರೇಬಿನ ದಾರಿ. ನಾನು ಒಳಗೆ ಹೋಗಿ ಮಲಗಿದೆ. ಮುಂದೆ ನಮ್ಮ ಸ್ತ್ರೀ ಸಂಘದವರೂ ಸರದಿ ಹಾಕಿಕೊಂಡರು: ಒಬ್ಬರು ರೊಟ್ಟಿ, ಒಬ್ಬರು ಬಟ್ಟೆ, ಒಬ್ಬರು ರಾತ್ರಿ. ಮೋಶೆಯೂ ಜನರ ಭಾರ ತನ್ನೊಬ್ಬನಿಂದಾಗದು ಎಂದಾಗ ದೇವರು ಅವನಿಗೆ ಇನ್ನಷ್ಟು ಶಕ್ತಿ ತುಂಬಿ ಕಳಿಸಲಿಲ್ಲ, ಜೊತೆಗೆ 70 ಮಂದಿ ಹಿರಿಯರನ್ನು ಕೊಟ್ಟರು.

ಗಲಾತ್ಯದವರಿಗೆ ಬರೆಯುತ್ತಾ ಪೌಲನು ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ ಎಂದವನು, ಮೂರೇ ವಚನ ದಾಟಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎನ್ನುತ್ತಾನೆ. ಇವೆರಡೂ ನನ್ನ ಮನೆಯಲ್ಲಿ ಒಟ್ಟಿಗೆ ನಿಜವಾದವು. ಇವರ ಹೆಂಡತಿಯಾಗಿರುವುದನ್ನು ನಾನು ಯಾರಿಗೂ ಕೊಡಲಾರೆ, ಕೊಡುವ ಮನಸ್ಸೂ ಇಲ್ಲ. ರೊಟ್ಟಿ ಬಡಿಯುವುದನ್ನು ಕೊಡಬಹುದು.

ಈಗ ಇವರು ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಬಲಗೈ ಎದ್ದಿಲ್ಲ. ಮಾತು ನಾಲ್ಕೈದು ಪದ ಸೇರಿ ಬರುತ್ತದೆ, ಸಿಟ್ಟು ಬಂದಾಗ ಅದೂ ಇಲ್ಲ. ಕೆಲವು ದಿನ ಬೆಳಗಿನ ಪ್ರಾರ್ಥನೆ ನನಗೆ ಬರೀ ಒಣ ಮಾತಾಗಿರುತ್ತದೆ. ಅಂಥ ದಿನವೂ ಕೂರುತ್ತೇನೆ, ಗೆರೆ ಎಳೆಯುತ್ತೇನೆ, ಓದುತ್ತೇನೆ. ನಮಗೆ ನೇಮಕವಾದ ಓಟವನ್ನು ಸ್ಥಿರಚಿತ್ತದಿಂದ ಓಡಬೇಕೆಂದು ಇಬ್ರಿಯರಿಗೆ ಬರೆದ ಪತ್ರ ಹೇಳುವುದು ಭಾರವನ್ನೂ ಪಾಪವನ್ನೂ ತೆಗೆದಿಟ್ಟ ಮೇಲೆ. ಪಾಪವಲ್ಲದ ಭಾರಗಳೂ ಓಟಗಾರನನ್ನು ಬೀಳಿಸುತ್ತವೆ. ನನ್ನ ಮಟ್ಟಿಗೆ ಅವುಗಳಲ್ಲಿ ದೊಡ್ಡದು, ದೇವರ ಕೆಲಸಕ್ಕೆ ನಾನು ಲೆಕ್ಕ ಒಪ್ಪಿಸಬೇಕೆಂಬುದು.

ನಮ್ಮ ಸ್ತ್ರೀ ಸಂಘದಲ್ಲಿ ಈಗ ಹಾಸಿಗೆ ಹಿಡಿದವರಿರುವ ಮನೆಗಳ ಒಂದು ಪಟ್ಟಿ ಇದೆ. ವಾರಕ್ಕೊಮ್ಮೆ ಇಬ್ಬಿಬ್ಬರು ಹೋಗುತ್ತೇವೆ. ಯಾಕೆ ಹೀಗಾಯಿತು ಎಂದು ಕೇಳಬಾರದು, ಕಾರಣ ಹೇಳಲೂ ಬಾರದು. ಯೋಬನ ಗೆಳೆಯರು ಏಳು ದಿನ ಬಾಯಿಬಿಡದೆ ನೆಲದ ಮೇಲೆ ಅವನ ಜೊತೆ ಕೂತಿದ್ದರಲ್ಲ, ಅವರು ಮಾಡಿದ್ದರಲ್ಲಿ ಒಳ್ಳೆಯದು ಅದೊಂದೇ. ಮೊದಲು ಪಾತ್ರೆ ತೊಳೆಯುತ್ತೇವೆ, ಮಗ್ಗಲು ಬದಲಿಸಲು ಕೈಕೊಡುತ್ತೇವೆ, ನೋಡಿಕೊಳ್ಳುವವರನ್ನು ಒಂದೆರಡು ತಾಸು ಹೊರಗೆ ಕಳಿಸುತ್ತೇವೆ, ಆಮೇಲೆ ಒಂದು ಕೀರ್ತನೆ. ಇಂಥ ಪಟ್ಟಿ ನಿಮ್ಮ ಸಭೆಯಲ್ಲಿ ಇಲ್ಲದಿದ್ದರೆ ಈ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಪಾಸ್ಟರರನ್ನು ಕೇಳಿ. ಹೆಸರುಗಳು ಅವರಿಗೆ ಗೊತ್ತಿರುತ್ತವೆ.