ಬೂದು ಬೂದಾಗಿಯೇ ಬರಲಿ: ಮನೆಯ ಪ್ರಿಂಟರಿನಲ್ಲಿ ಕಪ್ಪುಬಿಳುಪು ಫೋಟೊ

ಪತ್ತನಾಜೆ (ತುಳು ಬೇಶ ತಿಂಗಳ ಹತ್ತನೆಯ ದಿನ) ಕಳೆದು ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಕಡೆ ದೈವಗಳ ಕೋಲ, ತೆಯ್ಯಂ, ಬಯಲಾಟ ಎಲ್ಲಕ್ಕೂ ಬಿಡುವು. ಕ್ಯಾಮೆರಾ ಇರುವವರು ತೆಗೆದ ಫೋಟೊಗಳನ್ನೆಲ್ಲ ಆರಿಸಿ, ಒಳ್ಳೆಯ ಕೆಲವನ್ನು ಕಪ್ಪುಬಿಳುಪಿನಲ್ಲಿ ಪ್ರಿಂಟ್ ಮಾಡಿ ಚಾವಡಿಯಲ್ಲಿ ತೂಗುಹಾಕೋಣ ಅಂತ ಕೂರುವುದು ಆಗಲೇ. ಹಾಗೆ ಮಾಡಿದ ಪ್ರಿಂಟ್‌ಗಳನ್ನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಕೆಟ್ಟಿರುವುದು ಎರಡೇ. ಬೂದು ಬಣ್ಣ ಬೂದಾಗಿರದೆ ಹಸಿರಿಗೋ ನೇರಳೆಗೋ ತಿರುಗಿರುತ್ತದೆ. ಕತ್ತಲೆಯ ಭಾಗವೆಲ್ಲ ಒಂದೇ ಕಪ್ಪು ಮುದ್ದೆಯಾಗಿರುತ್ತದೆ. ಹೊಸ ಪ್ರಿಂಟರ್ ತಾರದೆಯೂ ಇವೆರಡನ್ನು ಬಹಳ ಮಟ್ಟಿಗೆ ಸರಿಮಾಡಬಹುದು.

ಮೊದಲು ಬಣ್ಣದ ಫೋಟೊವನ್ನು ಕಪ್ಪುಬಿಳುಪು ಮಾಡಬೇಕು. ಸ್ಯಾಚುರೇಷನ್ (ಬಣ್ಣದ ಗಾಢತೆ) ಸೊನ್ನೆಗೆ ಇಳಿಸಿ ಕೈತೊಳೆದುಕೊಳ್ಳಬೇಡಿ. ಫೋಟೊಶಾಪಿನ ಬ್ಲ್ಯಾಕ್ ಆ್ಯಂಡ್ ವೈಟ್ ಅಡ್ಜಸ್ಟ್‌ಮೆಂಟ್ ಇರಲಿ, ಉಚಿತವಾಗಿ ಸಿಗುವ ಜಿಂಪ್‌ನ ಮೊನೊ ಮಿಕ್ಸರ್ ಇರಲಿ, ಯಾವ ಬಣ್ಣ ಎಷ್ಟು ಬೆಳ್ಳಗಾಗಬೇಕು ಅಂತ ಹೇಳುವ ಅವಕಾಶ ಅಲ್ಲಿದೆ. ತೆಯ್ಯಂ ಮುಖದ ಕೆಂಪನ್ನೇ ನೋಡಿ. ಕೆಂಪು ಸ್ಲೈಡರ್ ಮೇಲಕ್ಕೆ ಎಳೆದರೆ ಮುಖ ಪೂರ್ತಿ ಬಿಳಿಚಿ, ಮುಖದ ಬರವಣಿಗೆಯ ಗೆರೆಗಳು ಅಳಿದೇ ಹೋಗುತ್ತವೆ. ಸ್ವಲ್ಪ ಕೆಳಗಿಳಿಸಿದರೆ ಒಂದೊಂದು ಗೆರೆಯೂ ಎದ್ದು ಬರುತ್ತದೆ. ಅರದಾಳದ ಹಳದಿ ಇದ್ದರೆ ಫೋಟೊಶಾಪಿನಲ್ಲಿ ಹಳದಿಯನ್ನೂ ಇಳಿಸಿ. ಬೇಕಲ ಕೋಟೆಯ ಮುರಕಲ್ಲಿಗೆ, ಅಂದರೆ ಜಂಬಿಟ್ಟಿಗೆ ಕಲ್ಲಿಗೆ, ಇದರ ಉಲ್ಟಾ. ಅಲ್ಲಿ ಕೆಂಪು ಏರಿದರೆ ಕಲ್ಲಿಗೆ ಬಿಸಿಲು ತಾಗಿದ ಹಾಗಾಗುತ್ತದೆ, ನೀಲಿ ಇಳಿಸಿದರೆ ಹಿಂದಿನ ಆಕಾಶ ಗಾಢವಾಗುತ್ತದೆ.

ವಾಟ್ಸಾಪಿನಲ್ಲಿ ಕುಗ್ಗಿ ಬಂದ ಫೈಲ್ ಬೇಡ. ಎ4 ಅಳತೆಗೆ ಇಂಚಿಗೆ 360 ಪಿಕ್ಸೆಲ್ ಲೆಕ್ಕದಲ್ಲಿ ಸುಮಾರು 2980 × 4210 ಪಿಕ್ಸೆಲ್ ಬೇಕು.

ಪ್ರಿಂಟರ್ ವಿಷಯ. ನಾಲ್ಕು ಬಣ್ಣದ ಸಾಮಾನ್ಯ ಪ್ರಿಂಟರಿನಲ್ಲಿ ಬೂದು ಶಾಯಿ ಅಂತ ಇಲ್ಲ. ಫೋಟೊ ಕಾಗದದ ಮೇಲೆ ಅದು ಸಯಾನ್, ಮೆಜೆಂಟಾ, ಹಳದಿ ಮೂರನ್ನು ಬೆರೆಸಿ ಬೂದು ಮಾಡುತ್ತದೆ. ಒಂದು ತುಸು ಹೆಚ್ಚಾದರೂ ಕಣ್ಣಿಗೆ ಹೊಡೆಯುತ್ತದೆ. ಇನ್ನೂ ಕಿರಿಕಿರಿಯೆಂದರೆ, ಹಗಲು ಬೆಳಕಿನಲ್ಲಿ ಸರಿಯಾಗಿ ಕಂಡದ್ದು ರಾತ್ರಿ ಎಲ್‌ಇಡಿ ಬಲ್ಬಿನಡಿ ಹಸಿರಾಗಿ ಕಾಣಬಹುದು. ಇದಕ್ಕೆ ಒಳ್ಳೆಯ ಮದ್ದು ಬೂದು ಶಾಯಿ ಇರುವ ಪ್ರಿಂಟರ್. ಎಪ್ಸನ್ ಎಲ್8180, ಕ್ಯಾನನ್ ಪ್ರೊ-300 ಇವುಗಳಲ್ಲಿ ಒಂದು ಬೂದು ಇದೆ. ಎಪ್ಸನ್ ಪಿ700, ಪಿ900 ಇವುಗಳಲ್ಲಿ ಬೂದು, ತಿಳಿ ಬೂದು ಎರಡೂ ಇವೆ. ದುಡ್ಡಿದ್ದರೆ ಕೊನೆಯ ಎರಡರಲ್ಲಿ ಒಂದನ್ನು ಕೊಳ್ಳಿ. ಪ್ರೊ-300ರ ಹಾಗೆ ಅವುಗಳದ್ದೂ ಪಿಗ್ಮೆಂಟ್ ಶಾಯಿ (ಬಣ್ಣದ ನುಣುಪು ಪುಡಿ ಇರುವಂಥದ್ದು), ಬಣ್ಣ ಪೂರ್ತಿ ಕರಗಿರುವ ಡೈ ಶಾಯಿಯ ಹಾಗೆ ಬೇಗ ಮಾಸುವುದಿಲ್ಲ. ಹತ್ತಿರದಲ್ಲಿ ಅಂಥ ಪ್ರಿಂಟರ್ ಇರುವ ಸ್ಟುಡಿಯೊ ಇದ್ದರೆ ನಿಮ್ಮ ಕಾಗದ, ನಿಮ್ಮ ಫೈಲ್ ಹಿಡಿದುಕೊಂಡು ಹೋದರೂ ಆಯಿತು.

ಅಗ್ಗದ ‘ಕಂಪ್ಯಾಟಿಬಲ್’ ಶಾಯಿಯನ್ನು ಮಾತ್ರ ಮುಟ್ಟಬೇಡಿ. ಬಿಲ್ ಹೊಡೆಯಲು ಅದು ಸಾಕು. ಫೋಟೊಗೆ ಹಾಕಿದರೆ ಬಾಟಲಿಯಿಂದ ಬಾಟಲಿಗೆ ಬೂದು ಬೇರೆಯಾಗುತ್ತದೆ, ಮಾಡಿದ ಲೆಕ್ಕಾಚಾರವೆಲ್ಲ ನೀರಲ್ಲಿ ಹೋಮ.

ಸ್ಟೇಷನರಿ ಅಂಗಡಿಯ 180 ಜಿಎಸ್‌ಎಂ ಹೈ ಗ್ಲಾಸಿ ಕಾಗದವೂ ಕಪ್ಪುಬಿಳುಪಿಗೆ ಹೇಳಿದ್ದಲ್ಲ. ಕನ್ನಡಿಯ ಹಾಗೆ ಹೊಳೆದು ಕಿಟಕಿಯನ್ನೇ ತೋರಿಸುತ್ತದೆ. ನನ್ನ ಆಯ್ಕೆ ಬರೈಟಾ ಕಾಗದ. ಹಳೆಯ ಡಾರ್ಕ್‌ರೂಮ್ ಕಾಗದದಲ್ಲಿದ್ದ ಬೇರಿಯಂ ಸಲ್ಫೇಟ್ ಪದರವೇ ಇದರಲ್ಲೂ ಇರುವುದು, ಕಪ್ಪು ಆಳವಾಗಿ ಬರುತ್ತದೆ. ಹಳೆಯ ಮನೆ, ಅಜ್ಜಿಯ ಮುಖ ಇಂಥ ಮೃದು ಚಿತ್ರಗಳಿಗೆ ಹತ್ತಿಯ ಮ್ಯಾಟ್ ಕಾಗದ ಚೆಂದ, ಹಾನೆಮ್ಯೂಲೆ ಫೋಟೊ ರಾಗ್ 308 ಥರದ್ದು. ಮ್ಯಾಟ್‌ನಲ್ಲಿ ಕಪ್ಪು ಅಷ್ಟು ಗಾಢವಾಗುವುದಿಲ್ಲ ಅನ್ನುವುದು ನೆನಪಿರಲಿ. ಯಾವ ಬದಿಗೆ ಲೇಪನವಿದೆ ಅಂತ ಗೊತ್ತಾಗದಿದ್ದರೆ ಒದ್ದೆ ಬೆರಳಿನಿಂದ ಮೂಲೆಯನ್ನು ಮುಟ್ಟಿ. ಅಂಟಿದ ಹಾಗಾಗುವುದೇ ಪ್ರಿಂಟ್ ಮಾಡುವ ಬದಿ.

ಇನ್ನು ಎಲ್ಲರೂ ಹಾರಿಸಿಬಿಡುವ ಕೆಲಸಕ್ಕೆ ಬರೋಣ: ಪರೀಕ್ಷೆಯ ಪಟ್ಟಿ. ಇದೊಂದನ್ನು ಮಾಡಿದರೆ ಕಪ್ಪು ಮುದ್ದೆಯ ಕಾಟ ಮುಗಿಯಿತು. ಮಾಡದಿದ್ದರೆ ಎಷ್ಟು ದುಬಾರಿ ಕಾಗದ ತಂದರೂ ಸುಮ್ನೆ ದಂಡ.

ಕಂಪ್ಯೂಟರಿನಲ್ಲಿ ಬೂದು ಬಣ್ಣಕ್ಕೆ 0ಯಿಂದ 255ರವರೆಗೆ ಸಂಖ್ಯೆ ಇದೆ. 0 ಅಂದರೆ ಅಪ್ಪಟ ಕಪ್ಪು, 255 ಅಂದರೆ ಬರಿಯ ಕಾಗದ. ಪರದೆಯ ಮೇಲೆ 5ಕ್ಕೂ 10ಕ್ಕೂ ವ್ಯತ್ಯಾಸ ಕಾಣಬಹುದು. ಕಾಗದದ ಮೇಲೆ ಎರಡೂ ಒಂದೇ ಕಪ್ಪಾಗಿ ಬೀಳಬಹುದು. ನಿಮ್ಮ ಪ್ರಿಂಟರ್, ನಿಮ್ಮ ಕಾಗದದಲ್ಲಿ ಈ ಗಡಿ ಎಲ್ಲಿದೆ ಅಂತ ಹಿಡಿಯುವುದೇ ಕೆಲಸ. 0, 4, 8, 12 ಹೀಗೆ 40ರವರೆಗೆ ಚೌಕಗಳನ್ನು ಒಂದರ ಪಕ್ಕ ಒಂದು, ನಡುವೆ ಜಾಗ ಬಿಡದೆ ಮಾಡಿ. ಇನ್ನೊಂದು ಸಾಲಿನಲ್ಲಿ 235ರಿಂದ 255ರವರೆಗೆ. ಕೆಳಗೆ ಸಂಖ್ಯೆ ಬರೆಯಿರಿ. ಫೋಟೊಗೆ ಬಳಸುವ ಅದೇ ಕಾಗದದಲ್ಲಿ, ಅದೇ ಸೆಟ್ಟಿಂಗಿನಲ್ಲಿ ಪ್ರಿಂಟ್ ಮಾಡಿ. ಕಾಗದ ಉಳಿಸಬೇಕಾದರೆ ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿ ಒಂದು ತುಂಡು ಸಾಕು.

ಪ್ರಿಂಟ್ ಬಂದ ಕೂಡಲೇ ತೀರ್ಮಾನ ಮಾಡಬೇಡಿ. ಒಣಗುತ್ತಾ ಬಣ್ಣ ಬದಲಾಗುತ್ತದೆ, ಆಷಾಢದ ತೇವದಲ್ಲಿ ಒಣಗುವುದೂ ನಿಧಾನ. ಮರುದಿನ ಹೊತ್ತೇರಿದ ಮೇಲೆ ಜಗಲಿಯ ನೆರಳಿನಲ್ಲಿ ಹಿಡಿದು ನೋಡಿ. 0, 4, 8, 12 ಒಂದೇ ಥರ ಕಂಡು 16ರಲ್ಲಿ ಮೊದಲ ಗೆರೆ ಕಂಡಿತು ಅಂದುಕೊಳ್ಳಿ. ನಿಮ್ಮ ಕಾಗದದಲ್ಲಿ 12ಕ್ಕಿಂತ ಕೆಳಗಿನದ್ದೆಲ್ಲ ಹೋಯಿತು ಅಂತ ಅರ್ಥ. ಆಗ ಫೋಟೊಶಾಪ್ ಅಥವಾ ಜಿಂಪ್‌ನಲ್ಲಿ ಫೋಟೊದ ಲೆವೆಲ್ಸ್ (ಕಪ್ಪುಬಿಳುಪಿನ ಮಟ್ಟ ತಿದ್ದುವ ಆಯ್ಕೆ) ತೆರೆದು, ಔಟ್‌ಪುಟ್ ಸಾಲಿನ ಕಪ್ಪು ತುದಿಯನ್ನು 0ಯಿಂದ 12ಕ್ಕೆ ತನ್ನಿ. ಪರದೆಯಲ್ಲಿ ಫೋಟೊ ಸ್ವಲ್ಪ ಮಂಕಾಗಿ ಕಾಣುತ್ತದೆ. ಇಲ್ಲೇ ಜನ ಹೆದರಿ ಹಿಂದೆ ಸರಿಯುವುದು. ಹೆದರಬೇಡಿ, 12 ಕೂಡ ಆ ಕಾಗದದಲ್ಲಿ ಅಪ್ಪಟ ಕಪ್ಪಾಗಿಯೇ ಬೀಳುತ್ತದೆ ಅಂತ ಈಗಷ್ಟೇ ನೋಡಿದಿರಿ, ಅಲ್ವಾ? ಕಪ್ಪು ಎಲ್ಲೂ ಹೋಗಿಲ್ಲ. ಅದರ ಮೇಲೆ ಸೇರಿಕೊಂಡಿದ್ದ ವಿವರಗಳು ಮಾತ್ರ ಬಿಡಿಸಿಕೊಂಡವು. ರಾತ್ರಿ ಕೋಲದ ಫೋಟೊದಲ್ಲಿ ತೂಟೆಯ (ದೀವಟಿಗೆಯ) ಬೆಳಕು ತಾಗದ ಬದಿಯ ತೆಂಗಿನ ತಿರಿ (ಎಳೆ ಗರಿ), ಅದರ ಹಿಂದೆ ನಿಂತ ಜನರ ಮುಖ, ಎಲ್ಲ ಬೇರೆ ಬೇರೆಯಾಗಿ ಸಿಗುತ್ತವೆ. ಮ್ಯಾಟ್ ಕಾಗದದಲ್ಲಿ ಈ ಗಡಿ ಇನ್ನೂ ಮೇಲಿರಬಹುದು. ಕಾಗದ ಬದಲಾದರೆ ಪಟ್ಟಿಯನ್ನು ಹೊಸದಾಗಿ ಮಾಡಬೇಕು.

ಬಿಳಿಯ ತುದಿಯೂ ಹಾಗೆಯೇ. ಪಿಗ್ಮೆಂಟ್ ಶಾಯಿಯಲ್ಲಿ ಹೊಳಪು ಕಾಗದಕ್ಕೆ ಪ್ರಿಂಟ್ ಮಾಡುವಾಗ 255 ಇರುವ ಜಾಗಕ್ಕೆ ಶಾಯಿಯೇ ಬೀಳದೆ, ಓರೆಯಾಗಿ ನೋಡಿದರೆ ಆ ಜಾಗ ಬೇರೆ ಥರ ಹೊಳೆಯುತ್ತದೆ. ಔಟ್‌ಪುಟ್ ಬಿಳಿಯನ್ನು 250ಕ್ಕೆ ಇಳಿಸಿದರೆ ಸರಿಯಾಗುತ್ತದೆ.

ಪ್ರಿಂಟ್ ಯಾವಾಗಲೂ ಪರದೆಗಿಂತ ಕಪ್ಪಾಗಿ ಬರುತ್ತದೆ ಅನ್ನುವವರು ಪರದೆಯ ಬ್ರೈಟ್‌ನೆಸ್ ನೋಡಿಕೊಳ್ಳಿ. ಪ್ರಿಂಟಿಂಗಿಗೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಇದ್ದರೆ ಸಾಕು, ಅಂಗಡಿಯಿಂದ ಬಂದ ಮಾನಿಟರ್ ಅದಕ್ಕಿಂತ ಎಷ್ಟೋ ಜಾಸ್ತಿ ಉರಿಯುತ್ತಿರುತ್ತದೆ. ಅಳೆಯುವ ಉಪಕರಣ ಇಲ್ಲದಿದ್ದರೆ, ಒಂದು ಬಿಳಿ ಹಾಳೆಯನ್ನು ಪಕ್ಕದಲ್ಲಿ ಹಿಡಿದು ಪರದೆಯ ಬಿಳಿ ಅದಕ್ಕೆ ಸಮನಾಗುವವರೆಗೆ ಇಳಿಸಿ.

ಪ್ರಿಂಟ್ ಕೊಡುವಾಗ ಪೇಪರ್ ಟೈಪ್ ಸರಿಯಾಗಿರಲಿ. ಎಷ್ಟು ಶಾಯಿ, ಯಾವ ಕಪ್ಪು ಶಾಯಿ ಅನ್ನುವುದನ್ನು ಪ್ರಿಂಟರ್ ಅದರಿಂದಲೇ ನಿರ್ಧರಿಸುತ್ತದೆ. ಪಿ700ರಂಥದ್ದಾದರೆ ಅಡ್ವಾನ್ಸ್‌ಡ್ ಬಿ ಆ್ಯಂಡ್ ಡಬ್ಲ್ಯು, ಕ್ಯಾನನ್‌ನಲ್ಲಿ ಬ್ಲ್ಯಾಕ್ ಆ್ಯಂಡ್ ವೈಟ್ ಫೋಟೊ ಆರಿಸಿ, ಫೋಟೊಶಾಪಿನಲ್ಲಿ ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಇಡಿ. ಫೋಟೊಶಾಪ್, ಪ್ರಿಂಟರ್ ಇಬ್ಬರೂ ಬಣ್ಣ ತಿದ್ದಲು ಹೊರಟರೆ ಕೆಡುವುದು ಖಂಡಿತ. ಎಪ್ಸನ್‌ನಲ್ಲಿ ಟೋನ್ ‘ಡಾರ್ಕರ್’ ಅಂತಿದ್ದರೆ ‘ಡಾರ್ಕ್’ ಮಾಡಿ. ಛಾಯೆ ನ್ಯೂಟ್ರಲ್ ಇರಲಿ, ಬೇಕಿದ್ದರೆ ಅಜ್ಜನ ಕಾಲದ ಫೋಟೊಗೆ ತುಸು ವಾರ್ಮ್. ಸೆಪಿಯಾ ಬೇಡವೇ ಬೇಡ. ನಾಲ್ಕು ಬಣ್ಣದ ಪ್ರಿಂಟರಿನವರು ಗ್ರೇಸ್ಕೇಲ್ ಆಯ್ಕೆಯನ್ನು ಒಂದು ತುಂಡಿನ ಮೇಲೆ ಪರೀಕ್ಷಿಸಿ. ಕೆಲವು ಪ್ರಿಂಟರ್ ಆಗ ಬರಿಯ ಕಪ್ಪು ಶಾಯಿ ಬಳಸುತ್ತವೆ. ಬಣ್ಣದ ಛಾಯೆ ಹೋಗುತ್ತದೆ, ಆದರೆ ಕೆನ್ನೆ, ಆಕಾಶ ಇಂಥ ತಿಳಿ ಭಾಗದಲ್ಲಿ ಚುಕ್ಕಿಗಳು ಕಾಣುತ್ತವೆ. ದೂರದಿಂದ ನೋಡುವ ದೊಡ್ಡ ಪ್ರಿಂಟಿಗೆ ಅದು ನಡೆಯುತ್ತದೆ, ಕೈಯಲ್ಲಿ ಹಿಡಿಯುವ ಆಲ್ಬಮ್ಮಿಗೆ ಅಲ್ಲ.

ಶಾಯಿ ಚಿಮ್ಮುವ ತೂತುಗಳು ಕಟ್ಟಿವೆಯೇ ಅಂತ ನೋಡುವ ನಾಝಲ್ ಚೆಕ್ ಪ್ರತಿ ಸಲ ಮಾಡಿ. ವಾರಕ್ಕೊಂದಾದರೂ ಪುಟ ಹೊಡೆಯದಿದ್ದರೆ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ.

ನಮ್ಮ ಮಳೆಗಾಲಕ್ಕೆ ಕಾಗದದ ಪೊಟ್ಟಣವನ್ನು ತೆರೆದಿಡುವಂತಿಲ್ಲ. ತೇವ ಹೀರಿ ಮಡಚಿಕೊಂಡ ಹಾಳೆಯ ಅಂಚನ್ನು ಪ್ರಿಂಟರಿನ ಹೆಡ್ ಉಜ್ಜಿ ಕಪ್ಪು ಗೀರು ಎಳೆಯುತ್ತದೆ. ಗಾಳಿಯಾಡದ ಚೀಲ, ಒಳಗೆ ಸಿಲಿಕಾ ಜೆಲ್, ಬೇಕಾದಷ್ಟೇ ಹಾಳೆ ಹೊರಗೆ.

ಫ್ರೇಮ್ ಹಾಕಲು ಕಡಿಮೆಯೆಂದರೂ ಒಂದು ದಿನ ಕಾಯಿರಿ, ಮಳೆಗಾಲದಲ್ಲಿ ಇನ್ನೂ ಎರಡು ದಿನ ಜಾಸ್ತಿ. ಪೂರ್ತಿ ಒಣಗದ ಶಾಯಿಯಿಂದ ಆವಿ ಎದ್ದು ಗಾಜಿನ ಒಳಬದಿಗೆ ಮಬ್ಬು ಕಟ್ಟುತ್ತದೆ. ಗಾಜು ಪ್ರಿಂಟಿಗೆ ತಾಗಲೇಬಾರದು, ತಾಗಿದರೆ ತೇವಕ್ಕೆ ಅಂಟಿಕೊಂಡು ಮತ್ತೆ ಬಿಡಿಸಲು ಬರುವುದಿಲ್ಲ. ನಡುವೆ ದಪ್ಪ ಮೌಂಟ್ ಬೋರ್ಡ್ ಹಾಕಿಸಿ, ಫ್ರೇಮಿನವರು ಬೇಡವೆಂದರೂ ಬಿಡಬೇಡಿ. ಡೈ ಶಾಯಿಯ ಪ್ರಿಂಟಿಗಂತೂ ಗಾಜು ಬೇಕೇ ಬೇಕು, ತೆರೆದ ಗಾಳಿಗೇ ಅದು ಮಾಸುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆ ಬಿಟ್ಟು ಒಳಗೋಡೆ ಆರಿಸಿ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಿದರೆ ಬೂಸ್ಟು ಹಿಡಿಯುವುದು ಕಡಿಮೆ.