ಏಕಾಂತ ಸೆರೆಯ ದಿನಲೆಕ್ಕ: ಮೇಲ್ಮನವಿಯಲ್ಲಿ ನನ್ನ ಅನುಭವ

ಏಕಾಂತ ಸೆರೆಯ ಆದೇಶವನ್ನು ತಿಂಗಳವಾರು ದಿನಲೆಕ್ಕದ ಒಂದು ಹಾಳೆಯಿಂದಲೇ ಬೀಳಿಸಬಹುದೆಂದು ನಾನು ಹೇಳಿದಾಗ, ಕೂಡಿಸಿ ಕಳೆಯುವುದಕ್ಕೆ ಗುಮಾಸ್ತರಿದ್ದಾರೆ, ವಕೀಲರು ಸಂವಿಧಾನ ವಾದಿಸಬೇಕು ಎಂದು ನಮ್ಮ ಸಂಘದ ಹಿರಿಯರು ನಕ್ಕಿದ್ದರು. ಆ ಹಾಳೆಯೇ ಕೊನೆಗೆ ಕೆಲಸ ಮಾಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕಾನೂನು ನೆರವಿನಲ್ಲಿ ಬಂದ ಪ್ರಕರಣವದು. ಕಳ್ಳತನ ನಡೆದದ್ದು 2023ರಲ್ಲಿ. ತೀರ್ಪು ಬಂದದ್ದು 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾದ ಮೇಲೆ. ಏಳು ತಿಂಗಳ ಕಠಿಣ ಸೆರೆವಾಸ, ಅದರಲ್ಲಿ ಎರಡು ತಿಂಗಳು ಏಕಾಂತ ಸೆರೆ, ಹೊಸ ಸಂಹಿತೆಯ 11ನೆಯ ಕಲಮಿನಡಿ. 358ನೆಯ ಕಲಂ ಹಳೆಯ ಅಪರಾಧಗಳ ಶಿಕ್ಷೆಯನ್ನು ಹಳೆಯ ಸಂಹಿತೆಗೇ ಉಳಿಸಿರುವುದರಿಂದ ಇಲ್ಲಿ ಅನ್ವಯಿಸಬೇಕಾದದ್ದು ಹಳೆಯದಾದ ಭಾರತೀಯ ದಂಡ ಸಂಹಿತೆಯ 73ನೆಯ ಕಲಂ ಎಂದು ಮೊದಲು ವಾದಿಸಿದೆ. ನ್ಯಾಯಾಧೀಶರು ಒಪ್ಪಿದರು, ಆದರೆ ಎರಡೂ ಕಲಮುಗಳಲ್ಲಿ ಏಕಾಂತದ ಗರಿಷ್ಠ ಮಿತಿ ಒಂದೇ ಆಗಿರುವಾಗ ಸಂಖ್ಯೆ ತಿದ್ದುವುದರಿಂದ ಆರೋಪಿಗೇನು ಲಾಭವೆಂದು ಕೇಳಿದರು. ಲಾಭವೇನೂ ಇರಲಿಲ್ಲ. ಬಳಿಕ ಸುಪ್ರೀಂ ಕೋರ್ಟಿನ 1978ರ ಸುನಿಲ್ ಬಾತ್ರಾ ತೀರ್ಪು ಹಿಡಿದುಕೊಂಡು ಹೋದೆ. ಆ ತೀರ್ಪು ತಡೆದದ್ದು ಜೈಲಧಿಕಾರಿಗಳು ತಾವಾಗಿಯೇ ವಿಧಿಸುವ ಏಕಾಂತವನ್ನು. ಏಕಾಂತ ಸೆರೆ ನ್ಯಾಯಾಲಯ ಮಾತ್ರ ವಿಧಿಸಬಹುದಾದ ಶಿಕ್ಷೆಯೆಂದು ಅದೇ ತೀರ್ಪನ್ನು ಸರ್ಕಾರಿ ಅಭಿಯೋಜಕರು ನನ್ನ ಮೇಲೆಯೇ ತಿರುಗಿಸಿದರು. 1971ರ ಕಾನೂನು ಆಯೋಗದ 42ನೆಯ ವರದಿ ಈ ಶಿಕ್ಷೆ ಸಂಹಿತೆಯಲ್ಲಿ ಇರಕೂಡದೆಂದದ್ದನ್ನು ಓದಿದಾಗಲೂ, ಸಂಸತ್ತು ಉಳಿಸಿಕೊಂಡಿದೆಯಲ್ಲ ಎಂಬ ಉತ್ತರವೇ ಬಂತು. ಅಷ್ಟರಲ್ಲಿ ನಕಲು, ಬೆರಳಚ್ಚು, ಜೈಲಿಗೆ ಓಡಾಡಿದ ಬಸ್ಸು ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ ಕೈಬಿಟ್ಟಿತ್ತು. ನೆರವಿನ ಸಂಭಾವನೆ ಅದರ ಅರ್ಧಕ್ಕೂ ಸಾಲದು.

ಎಲ್ಲರೂ ಮೇಲುಮೇಲೆ ಓದಿ ಬಿಡುವುದು ದಂಡ ಸಂಹಿತೆಯ 74ನೆಯ ಕಲಮನ್ನು, ಅಂದರೆ ಹೊಸ ಸಂಹಿತೆಯ 12ನ್ನು. ಸೆರೆವಾಸ ಮೂರು ತಿಂಗಳು ಮೀರಿದರೆ ಯಾವ ತಿಂಗಳಿನಲ್ಲಿಯೂ ಏಕಾಂತ ಏಳು ದಿನ ದಾಟುವಂತಿಲ್ಲ. ಏಳು ತಿಂಗಳಿಗೆ ನಲವತ್ತೊಂಬತ್ತು ದಿನ, ಆದೇಶವಿದ್ದದ್ದು ಅರವತ್ತಕ್ಕೆ. ಎಂಟು ತಿಂಗಳ ಶಿಕ್ಷೆಯಲ್ಲಿಯೂ ಎರಡು ತಿಂಗಳು ಹಿಡಿಸುವುದಿಲ್ಲ, ನಾಲ್ಕು ತಿಂಗಳ ಶಿಕ್ಷೆಯಲ್ಲಿ ಒಂದು ತಿಂಗಳೂ ಹಿಡಿಸುವುದಿಲ್ಲ. ಇನ್ನೂ ಮುಖ್ಯವಾದದ್ದು ಸೆಟ್ ಆಫ್, ಅಂದರೆ ತೀರ್ಪಿಗೆ ಮೊದಲು ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯುವುದು: ನನ್ನ ಕಕ್ಷಿದಾರ ವಿಚಾರಣಾಧೀನ ಕೈದಿಯಾಗಿ ಮೂರು ತಿಂಗಳಷ್ಟು ಕಳೆದಿದ್ದುದರಿಂದ ಉಳಿದದ್ದು ನಾಲ್ಕು, ಅದರಲ್ಲಿ ಹಿಡಿಸುವುದು ಇಪ್ಪತ್ತೆಂಟು ದಿನ. ಕಳೆದುಹೋದ ತಿಂಗಳಿನಲ್ಲಿ ಯಾರನ್ನೂ ಏಕಾಂತದಲ್ಲಿಡಲಾಗದು. ತಿಂಗಳಿಗೊಂದು ಸಾಲಿನಂತೆ ಇದನ್ನು ಬರೆದು, ಜೈಲಿನ ದಾಖಲೆಯ ಪ್ರತಿಯನ್ನು ಲಗತ್ತಿಸಿ ಕೊಟ್ಟೆ. ಕೆಲವು ದಿನ ಕಡಿತವಾದರೂ ಸಾಕೆಂದು ನಾನಿದ್ದೆ. ನ್ಯಾಯಾಲಯ ಏಕಾಂತದ ಭಾಗವನ್ನೇ ಪೂರ್ತಿಯಾಗಿ ತೆಗೆದುಹಾಕಿತು. ನಕ್ಕ ಹಿರಿಯರಲ್ಲಿ ಇಬ್ಬರು ಆಮೇಲೆ ಹಾಳೆಯ ಪ್ರತಿ ಕೇಳಿ ಪಡೆದರು. ಹಾಳೆ ಕೊಡುವ ಮೊದಲು ಅಭಿಯೋಜಕರಿಂದ ಯಾವ ಒಂದು ಮಾತನ್ನು ದಾಖಲೆಗೆ ಹೇಳಿಸಬೇಕೆಂಬುದನ್ನು ಅವರಿಗೂ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಆಮೇಲೆ ಹಾಳೆಯನ್ನು ಬೇರೆ ಕಡೆಗಳಲ್ಲಿಯೂ ಪರೀಕ್ಷಿಸಿದೆ. ಒಂದೇ ತಿಂಗಳ ಶಿಕ್ಷೆಯಾದರೆ, ಒಮ್ಮೆಗೆ ಹದಿನಾಲ್ಕು ದಿನ ಮೀರದೆ ಪ್ರತಿ ಅವಧಿಯಷ್ಟೇ ಬಿಡುವನ್ನೂ ಕೊಡಬೇಕಾದ್ದರಿಂದ, ಹತ್ತು ದಿನ ಏಕಾಂತ, ಹತ್ತು ಬಿಡುವು, ಮತ್ತೆ ಹತ್ತು ಏಕಾಂತ ಎಂದು ಹೇಗೆ ಜೋಡಿಸಿದರೂ ಇಪ್ಪತ್ತರ ಮೇಲೆ ಹೋಗುವುದಿಲ್ಲ. ಮರಣದಂಡನೆಯ ಕೈದಿಗಳ ವಿಷಯದಲ್ಲಿ ಮಾತ್ರ ಹಾಳೆ ನಿರುಪಯುಕ್ತ, ಏಕೆಂದರೆ ಅಲ್ಲಿ ನ್ಯಾಯಾಲಯದ ಏಕಾಂತದ ಆದೇಶವೇ ಇರುವುದಿಲ್ಲ. ಅಂಥವರಿಗೆ ಬಿ.ಎ. ಉಮೇಶ್ ಪ್ರಕರಣವೇ ದಾರಿ: ಬೆಳಗಾವಿ ಜೈಲಿನಲ್ಲಿ 2006ರಿಂದ 2016ರವರೆಗೆ ಏಕಾಂತದಲ್ಲಿಟ್ಟದ್ದನ್ನು ಪರಿಗಣಿಸಿ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಸಂಹಿತೆಯ ಹೊರಗಿನ ವಿಶೇಷ ಕಾನೂನುಗಳ ಅಪರಾಧಗಳಿಗೆ ಹಾಳೆಯ ಅಗತ್ಯವೇ ಬೀಳುವುದಿಲ್ಲ. ನ್ಯಾಯ ಸಂಹಿತೆಯಡಿಯ ಅಪರಾಧಕ್ಕೆ ಮಾತ್ರ ಅದರ 11ನೆಯ ಕಲಂ ಅನ್ವಯಿಸುತ್ತದೆಂದು ತೋರಿಸಿದರೆ ಸಾಕು.